ಪದಚರ್ಚೆ: ‘ಬೈಯಿಂಗ್ ಅಂಡ್ ಮರ್ಚಂಡೈಸಿಂಗ್ ಅಪ್ರೆಂಟಿಸ್‌ಶಿಪ್’ – ನಾಳೆ ಸಂಜೆಯೊಳಗೆ ಕನ್ನಡ ಬೇಕು

ಸು. ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಉಡುಪು ಮಾರಾಟದ ಸಂಸ್ಥೆಯೊಂದರ ತರಬೇತಿ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಳಪುಟಗಳು ಮುಗಿದಿವೆ. ಮುಖಪುಟದ ಹೆಸರು, ತರಬೇತಿ ಕೊಠಡಿಯ ಬಾಗಿಲ ಫಲಕ, ಕೊನೆಯ ಪದಪಟ್ಟಿಯ ಮೂರು ನಮೂದು ಉಳಿದಿವೆ. ನಾಳೆ ಸಂಜೆ 5ಕ್ಕೆ ಮುದ್ರಣಕ್ಕೆ ಕೊಡಬೇಕು.

ಮೂಲ ಹೆಸರು ‘ಫ್ಯಾಷನ್ ರೀಟೇಲ್ ಬೈಯಿಂಗ್ ಅಂಡ್ ಮರ್ಚಂಡೈಸಿಂಗ್ ಅಪ್ರೆಂಟಿಸ್‌ಶಿಪ್’. ಅವರು ಮೊದಲೇ ಮಾಡಿಸಿಟ್ಟಿದ್ದ ಕರಡಿನಲ್ಲಿ ‘ಚಿಲ್ಲರೆ ಫ್ಯಾಷನ್ ಕೊಳ್ಳುವಿಕೆ ಮತ್ತು ವ್ಯಾಪಾರೀಕರಣ ಶಿಷ್ಯವೃತ್ತಿ’ ಎಂದಿದೆ. ‘ವ್ಯಾಪಾರೀಕರಣ’ ನನಗೆ ಒಪ್ಪಿಗೆಯಿಲ್ಲ. ಶಿಕ್ಷಣದ ವ್ಯಾಪಾರೀಕರಣ, ವೈದ್ಯಕೀಯದ ವ್ಯಾಪಾರೀಕರಣ ಎಂದು ದೂರುವಾಗ ಬಳಸುವ ಪದ ಅದು. ‘ಚಿಲ್ಲರೆ ಫ್ಯಾಷನ್’ ಎಂದರೆ ಕೀಳು ದರ್ಜೆಯದು ಎಂದೇ ಕಿವಿಗೆ ಬೀಳುತ್ತದೆ. ‘ಚಿಲ್ಲರೆ’ಯ ಬೆನ್ನಿಗೇ ‘ಮಾರಾಟ’ ಬಂದರೆ ಮಾತ್ರ ಸರಿಹೋದೀತು.

ಫಲಕದ ಅಗಲ 60 ಸೆಂ.ಮೀ. ಎರಡು ಸಾಲಿಗಿಂತ ಹೆಚ್ಚು ಹಿಡಿಸದು.

ಪದಪಟ್ಟಿಯಲ್ಲಿ ಉಳಿದವು: ‘ಓಪನ್ ಟು ಬೈ’ (ಕರಡಿನಲ್ಲಿ ‘ಮುಕ್ತ ಖರೀದಿ’ ಎಂದಿದೆ), ‘ಸೆಲ್ ಥ್ರೂ’, ‘ಮಾರ್ಕ್‌ಡೌನ್’. ದಯವಿಟ್ಟು ಬೇಗ ತಿಳಿಸಿ.

ಗೋ.ಭ.:

‘ಶಿಷ್ಯವೃತ್ತಿ’ ಸಲ್ಲದು. ಓದಿದವರು ವಿದ್ಯಾರ್ಥಿವೇತನ ಎಂದುಕೊಳ್ಳುತ್ತಾರೆ. ಮರಾಠಿಯಲ್ಲಿ ಆ ಪದದ ಅರ್ಥವೇ ಅದು.

ಯಾರಾದರೂ ‘ಶಿಶಿಕ್ಷು’ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ. ಕೈಗಾರಿಕಾ ತರಬೇತಿ ಪ್ರಕಟಣೆಗಳಲ್ಲೆಲ್ಲ ‘ಶಿಶಿಕ್ಷು ತರಬೇತಿ’ ಎಂದು ಅಚ್ಚಾಗುತ್ತಿದೆ. ರೂಪವೇ ತಪ್ಪು. ‘ಶಿಕ್ಷ್’ ಎನ್ನುವುದೇ ‘ಶಕ್’ ಧಾತುವಿಗೆ ‘ಬಯಸು’ ಎಂಬರ್ಥದ ‘ಸನ್’ ಪ್ರತ್ಯಯ ಹತ್ತಿದ ರೂಪ, ಅಂದರೆ ಸನ್ನಂತ: ಶಕ್ತನಾಗಬಯಸು, ಆದ್ದರಿಂದ ಕಲಿ. ಅದರ ಮೇಲೆ ‘ಉ’ ಬಂದರೆ ‘ಶಿಕ್ಷು’; ಅಲ್ಲಿಗೆ ಮುಗಿಯಿತು. ‘ಶಿಕ್ಷ್’ ಅನ್ನೇ ಸ್ವತಂತ್ರ ಧಾತುವೆಂದು ಹಿಡಿದು ಮತ್ತೆ ಸನ್ ಹಚ್ಚಿದರೆ ‘ಶಿಶಿಕ್ಷಿಷು’ ಆಗಬೇಕು. ‘ಶಿಶಿಕ್ಷು’ ಎರಡೂ ಅಲ್ಲ. ‘ಮುಮುಕ್ಷು’, ‘ಬುಭುಕ್ಷು’ಗಳ ದ್ವಿತ್ವ (ಮೊದಲ ಅಕ್ಷರ ಎರಡು ಸಲ ಬರುವುದು) ನೋಡಿ ಯಾರೋ ಇದಕ್ಕೂ ಅಂಟಿಸಿದ್ದಾರೆ. ಕಲಿಯುವವರು ‘ಶಿಕ್ಷು’, ಕಲಿಕೆಯ ಅವಧಿ ‘ಶಿಕ್ಷುತ್ವ’. ಹಾಗೆಯೇ ಬರೆಯಿರಿ.

ಎಂ.:

ಕನ್ನಡದಲ್ಲಿ ಶಿಕ್ಷೆ ಎಂದರೆ ದಂಡನೆ. ಬಾಗಿಲ ಮೇಲೆ ‘ಶಿಕ್ಷುತ್ವ’ ಕಂಡವರಿಗೆ ಮೊದಲು ಹೊಳೆಯುವ ಅರ್ಥ ಕಲಿಕೆಯಲ್ಲ. ರೂಪ ಸರಿಯಾದ ಮಾತ್ರಕ್ಕೆ ಪದ ಸರಿಯಾಗುವುದಿಲ್ಲ. ‘ಅಪ್ರೆಂಟಿಸ್’ ಎಲ್ಲರಿಗೂ ಗೊತ್ತು. ಅದನ್ನೇ ಇಡಿ.

ಚ.:

ಮತ್ತೆ ಸಂಸ್ಕೃತ ಇಲ್ಲವೇ ಇಂಗ್ಲಿಷು. ನಮ್ಮಲ್ಲಿ ಪದವಿಲ್ಲವೇ?

ಹಳಗನ್ನಡದಲ್ಲಿ ಪರದು ಎಂದರೆ ವ್ಯಾಪಾರ, ಪರದ ಎಂದರೆ ವ್ಯಾಪಾರಿ. ಪ ಹ ಆಗಿ ಹರದು, ಹರದ. ಮರ್ಚಂಡೈಸಿಂಗ್ ಎಂಬುದೂ ವ್ಯಾಪಾರಿ ಎಂಬ ಪದದಿಂದಲೇ ಹುಟ್ಟಿದ್ದು. ಹಾಗಾದರೆ ‘ಹರದಿಕೆ’ ಎನ್ನಲು ಏನಡ್ಡಿ? ಮರ್ಚಂಡೈಸರ್ ‘ಹರದಿಗ’. ಬೈಯಿಂಗ್ ‘ಕೊಳ್ಳಿಕೆ’, ಬೈಯರ್ ‘ಕೊಳ್ಳುಗ’. ಅಪ್ರೆಂಟಿಸ್‌ಶಿಪ್‌ಗೆ ‘ಕಸುಬುಗಲಿಕೆ’. ‘ಉಡುಪು ಕೊಳ್ಳಿಕೆ ಹರದಿಕೆ / ಕಸುಬುಗಲಿಕೆ’: ಎರಡೇ ಸಾಲು, 60 ಸೆಂ.ಮೀ.ಗೆ ಸಲೀಸಾಗಿ ಹಿಡಿಸುತ್ತದೆ. ಒಂದೇ ಒಂದು ಹೊರಗಿನ ಪದವಿಲ್ಲ.

ಗೋ.ಭ.:

‘ಕಸುಬು’ ಅರಬ್ಬಿ. ಗಳಿಕೆ ಎಂಬರ್ಥದ ‘ಕಸ್ಬ್’.

ಚ.:

ಬಂದು ಎಷ್ಟು ಕಾಲವಾಯಿತು? ಅದು ಈಗ ಕನ್ನಡವೇ.

ಎಂ.:

ಹಾಗಾದರೆ ‘ಅಪ್ರೆಂಟಿಸ್’ಗೂ ಅದೇ ನ್ಯಾಯ ಸಲ್ಲಬೇಕು.

ಲ.ರಾ.:

ಸು. ಅವರೇ, ಮೊದಲು ಕೆಲಸ ಏನೆಂದು ನೋಡೋಣ. ಇಲ್ಲಿಯವರೆಗೆ ಯಾರೂ ಅದರ ಮಾತೆತ್ತಿಲ್ಲ. ಪದ ಅದರ ಮೇಲೆಯೇ ನಿಂತಿದೆ.

ಉಡುಪು ಮಾರಾಟದಲ್ಲಿ ಇವು ಎರಡು ಬೇರೆ ಕುರ್ಚಿಗಳು. ಏನನ್ನು ತರಬೇಕು ಎಂದು ಆಯುವುದು ಬೈಯರ್ ಕೆಲಸ: ಯಾವ ಅಂಗಿ, ಯಾವ ಬಟ್ಟೆ, ಯಾವ ಬಣ್ಣ, ಯಾರಿಂದ, ಯಾವ ಅಸಲಿಗೆ. ಎಷ್ಟು ತರಬೇಕು, ಯಾವ ವಾರ ಬರಬೇಕು, ಯಾವ ಅಂಗಡಿಗೆ ಎಷ್ಟು, ಯಾವ ಸೈಜಿನಲ್ಲಿ ಎಷ್ಟೆಷ್ಟು, ಉಳಿದರೆ ಬೆಲೆ ಯಾವಾಗ ಇಳಿಸಬೇಕು ಎಂದು ಲೆಕ್ಕ ಹಾಕುವುದು ಮರ್ಚಂಡೈಸರ್ ಕೆಲಸ. ಬೈಯರ್ ಸಾಮಾನು ನೋಡುತ್ತಾರೆ, ಮರ್ಚಂಡೈಸರ್ ಸಂಖ್ಯೆ ನೋಡುತ್ತಾರೆ. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಆರ್ಡರ್ ಹೊರಡುವುದಿಲ್ಲ.

ಒಂದು ಲೆಕ್ಕ ಹಿಡಿಯಿರಿ. ಒಂದು ಋತುವಿಗೆ 12,000 ನಗ (ಬಿಡಿ ಉಡುಪು) ಕೊಳ್ಳುವಷ್ಟು ಹಣವಿದೆ, 60 ಅಂಗಡಿಗಳಿವೆ, 5 ಸೈಜುಗಳಿವೆ. ಬೈಯರ್ 40 ಬಗೆ ಬೇಕೆನ್ನುತ್ತಾರೆ. ಆಗ ಬಗೆಗೆ 300 ನಗ, ಅಂಗಡಿಗೆ 5, ಅಂದರೆ ಸೈಜಿಗೆ ಒಂದೇ ಒಂದು. ನಡುವಿನ ಸೈಜು ಮೊದಲ ದಿನವೇ ಮಾರಿಹೋದರೆ ಆ ಅಂಗಡಿಯಲ್ಲಿ ಆ ಬಗೆ ಮುಗಿದಂತೆಯೇ. ತೀರ ಚಿಕ್ಕದು, ತೀರ ದೊಡ್ಡದು ಹ್ಯಾಂಗರಿನಲ್ಲೇ ನೇತಾಡಿಕೊಂಡು ಋತುವಿನ ಕೊನೆಯಲ್ಲಿ ಅರ್ಧ ಬೆಲೆಗೆ ಹೋಗುತ್ತವೆ. ಬಗೆಗಳನ್ನು 20ಕ್ಕೆ ಇಳಿಸಿದರೆ ಬಗೆಗೆ 600, ಅಂಗಡಿಗೆ 10. ಆಗ 1:2:3:2:2 ಎಂದು ಹಂಚಬಹುದು. ಇಲ್ಲವೇ 40 ಬಗೆಯನ್ನೂ ಉಳಿಸಿಕೊಂಡು ಒಂದೊಂದನ್ನೂ 30 ಅಂಗಡಿಗಳಿಗೆ ಮಾತ್ರ ಕಳಿಸಬೇಕು. ಬಗೆಗಳ ಅಗಲಕ್ಕೂ ಒಂದೊಂದು ಬಗೆಯ ಆಳಕ್ಕೂ ನಡೆಯುವ ಈ ಜಗ್ಗಾಟವೇ ಮರ್ಚಂಡೈಸಿಂಗ್. ಕಲಿಯಲು ಬಂದವರು ಮೊದಲು ಎಡವುವುದೂ ಇಲ್ಲಿಯೇ. ಒಟ್ಟು ಸಂಖ್ಯೆ ಸರಿಯಿದೆ ಎಂದು ನೋಡುತ್ತಾರೆ, ಅಂಗಡಿಗೂ ಸೈಜಿಗೂ ಭಾಗಿಸಿ ನೋಡುವುದಿಲ್ಲ.

ಇಂಗ್ಲಿಷಿನ ಇದೇ ಪದಕ್ಕೆ ಇನ್ನೂ ಎರಡು ಅರ್ಥಗಳಿವೆ; ಅವೇ ಅನುವಾದಕರನ್ನು ದಾರಿ ತಪ್ಪಿಸುವುದು. ಒಂದು, ಗಾಜಿನ ಕಿಟಕಿಯಲ್ಲಿ ಗೊಂಬೆಗೆ ಉಡುಪು ತೊಡಿಸಿ ಜೋಡಿಸುವ ವಿಷುವಲ್ ಮರ್ಚಂಡೈಸಿಂಗ್. ಎರಡು, ಗಾರ್ಮೆಂಟ್ಸ್ ಕಾರ್ಖಾನೆಯ ಮರ್ಚಂಡೈಸರ್: ಕೊಳ್ಳುವವರ ಆರ್ಡರನ್ನು ಬಟ್ಟೆ, ದಾರ, ಗುಂಡಿಯಿಂದ ಹಿಡಿದು ರವಾನೆಯವರೆಗೆ ಬೆನ್ನುಹತ್ತುವವರು. ಸು. ಅವರ ಕೈಪಿಡಿಯಲ್ಲಿರುವುದು ಇವೆರಡೂ ಅಲ್ಲ. ಆದ್ದರಿಂದ ‘ಪ್ರದರ್ಶನ’, ‘ವ್ಯಾಪಾರ’, ‘ಹರದಿಕೆ’ ಮೂರೂ ಬೇಡ. ‘ಹರದಿಕೆ’ ಪದದ ಮೂಲಕ್ಕೆ ಹೊಂದುತ್ತದೆ, ಕೆಲಸಕ್ಕೆ ಹೊಂದುವುದಿಲ್ಲ. ಮರ್ಚಂಡೈಸರ್ ಗಿರಾಕಿಗೆ ಏನನ್ನೂ ಮಾರುವುದಿಲ್ಲ.

ನನ್ನ ಸೂಚನೆ: ‘ಖರೀದಿ ಮತ್ತು ಸರಕು ಯೋಜನೆ’.

ಚ.:

‘ಕೊಳ್ಳಿಕೆ’ ಇರುವಾಗ ‘ಖರೀದಿ’ ಏಕೆ? ಅದು ಪಾರಸಿ.

ಲ.ರಾ.:

ಸಂಸ್ಥೆಯ ಪರವಾಗಿ, ಆರ್ಡರ್ ಬರೆದು, ಮತ್ತೆ ಮಾರುವುದಕ್ಕೆಂದು ಕೊಳ್ಳುವುದಕ್ಕೆ ಕನ್ನಡದಲ್ಲಿ ‘ಖರೀದಿ’ ಎಂದೇ ರೂಢಿ. ಭತ್ತ ಖರೀದಿ, ಖರೀದಿ ಕೇಂದ್ರ, ಖರೀದಿ ವಿಭಾಗ. ‘ಕೊಳ್ಳುಗ’ ಎಂದರೆ ಅಂಗಡಿಗೆ ಬರುವ ಗಿರಾಕಿ ಎಂದಾಗುತ್ತದೆ. ಈ ಕೈಪಿಡಿಯಲ್ಲಿ ಬೈಯರ್ ಮತ್ತು ಗಿರಾಕಿ ಒಂದೇ ಪುಟದಲ್ಲಿ ಎದುರಾಗುತ್ತಾರೆ. ಇಬ್ಬರಿಗೂ ಒಂದೇ ಪದ ಇಟ್ಟರೆ ವಾಕ್ಯ ಕೆಡುತ್ತದೆ.

ಗೋ.ಭ.:

‘ಸರಕು ಯೋಜನೆ’ ಅರಿಸಮಾಸ, ಅಂದರೆ ಕನ್ನಡಕ್ಕೆ ಸಂಸ್ಕೃತ ಬೆಸೆದ ಸಲ್ಲದ ಸಮಾಸ. ಸರಕು ದೇಶ್ಯ, ಯೋಜನೆ ಸಂಸ್ಕೃತ.

ಎಂ.:

ಬಿಡಿಸಿ ಬರೆದರೆ ಸಮಾಸವೇ ಅಲ್ಲ. ‘ದಿನಗೂಲಿ’ಗೆ ಯಾರೂ ತಕರಾರು ತೆಗೆದಿಲ್ಲ. ನನ್ನ ತಕರಾರು ಬೇರೆ. ‘ಯೋಜನೆ’ ಎಂದರೆ ಜನರಿಗೆ ಸರಕಾರದ ಸ್ಕೀಮು. ‘ಸರಕು ಯೋಜನೆ’ ಎಂದರೆ ಸರಕು ಹಂಚುವ ಯಾವುದೋ ಸ್ಕೀಮು ಎಂದು ಓದಿಕೊಂಡರೆ? ‘ಸರಕು ನಿರ್ವಹಣೆ’ ಆಗದೇ?

ಲ.ರಾ.:

‘ಸರಕು ನಿರ್ವಹಣೆ’ ಎಂದರೆ ಗೋದಾಮು, ಲಾರಿ, ಎತ್ತಿಳಿಸುವ ಕೆಲಸ. ಸರಕು ಸಾಗಣೆ, ಸರಕು ವಿಮಾನ ಎಂಬ ಬಳಕೆಯಿಂದಾಗಿ ಆ ನೆರಳು ತಪ್ಪುವುದಿಲ್ಲ. ‘ಯೋಜನೆ’ಯ ಗೊಂದಲ ಪಕ್ಕದ ಪದದಿಂದ ಹೋಗುತ್ತದೆ. ‘ಖರೀದಿ ಮತ್ತು’ ಎಂದು ಮೊದಲಿದ್ದರೆ ಎರಡೂ ಕೆಲಸದ ಹೆಸರುಗಳೆಂದು ಯಾರಿಗಾದರೂ ತಿಳಿಯುತ್ತದೆ. ‘ತರಬೇತಿ ಯೋಜನೆ’ ಎಂದು ಕೊನೆಯಲ್ಲಿ ಬಂದರೆ ಮಾತ್ರ ಸ್ಕೀಮು ಆಗುವುದು. ಅದನ್ನು ತಪ್ಪಿಸಿ.

ವ್ಯಕ್ತಿಗೆ ‘ಖರೀದಿದಾರರು’, ‘ಸರಕು ಯೋಜಕರು’. ಬಹುವಚನದಲ್ಲೇ ಇಟ್ಟರೆ ಯೋಜಕ–ಯೋಜಕಿ ಎಂಬ ತೊಡಕೂ ಇಲ್ಲ.

ಸು.:

ತುಂಬ ಉಪಕಾರವಾಯಿತು ಮೇಡಂ. ಎರಡನೆಯ ಅರ್ಧ ಇನ್ನೂ ಬಗೆಹರಿದಿಲ್ಲ. ‘ತರಬೇತಿ’ ಎಂದಷ್ಟೇ ಬರೆದರೆ ಸಾಲದೇ? ಕೈಪಿಡಿಯಲ್ಲಿ ಇವರಿಗೆ ಸಂಬಳವೂ ಉಂಟು, ಪಾಠವೂ ಉಂಟು, ಕೊನೆಯಲ್ಲಿ ಮೌಲ್ಯಮಾಪನವೂ ಉಂಟು.

ಲ.ರಾ.:

ಸಾಲದು. ಮೂರು ದಿನದ ಶಿಬಿರವೂ ತರಬೇತಿಯೇ. ಇವರು ನೌಕರರು. ಕಲಿಯುವುದು ನಿಜವಾದ ಆರ್ಡರಿನ ಮೇಲೆ, ತಪ್ಪಿದರೆ ನಿಜವಾದ ಸರಕು ಕೆಡುತ್ತದೆ. ಕೈಪಿಡಿಯ ಮೊದಲ ಭಾಗದಲ್ಲಿ ಏನಿರುತ್ತದೆ ಎಂದು ನೋಡಿದರೆ ತಿಳಿಯುತ್ತದೆ. ಖರೀದಿಯ ಕಡೆ ಕೂತವರಿಗೆ ಮೊದಲು ಸಿಗುವುದು ಸ್ಯಾಂಪಲ್ಲುಗಳ ದಾಖಲೆ. ಕಾರ್ಖಾನೆಯಿಂದ ಬಂದ ಪ್ರತಿ ಸ್ಯಾಂಪಲ್ಲಿಗೂ ಸ್ಟೈಲ್ ಸಂಖ್ಯೆ, ಪೂರೈಕೆದಾರರು, ಬಂದ ತಾರೀಖು, ಎಷ್ಟನೆಯ ತಿದ್ದುಪಡಿ ಎಂದು ಚೀಟಿ ಕಟ್ಟಬೇಕು. ಚೀಟಿಯಿಲ್ಲದೆ ಒಂದೇ ಅಂಗಿಯ ಎರಡನೆಯ, ಮೂರನೆಯ ಸ್ಯಾಂಪಲ್ಲು ಒಂದೇ ಕಂಬಿಯಲ್ಲಿ ತೂಗುಬಿದ್ದರೆ, ಹಳೆಯದನ್ನು ಅಳೆದು ಕಾರ್ಖಾನೆಗೆ ತಿದ್ದುಪಡಿ ಹೋಗುತ್ತದೆ. ಅವರು ಅದನ್ನೇ ನಂಬಿ ಕತ್ತರಿಸಿಬಿಡುತ್ತಾರೆ.

ಅಳೆಯುವುದಕ್ಕೂ ಕ್ರಮವಿದೆ. ಉಡುಪನ್ನು ಮೇಜಿನ ಮೇಲೆ ಎಳೆಯದೆ ಹರಡಿ, ಗುಂಡಿ ಹಾಕಿ, ಸುಕ್ಕು ಸವರಿ, ಎದೆಯಗಲವನ್ನು ಕಂಕುಳ ಹೊಲಿಗೆಯಿಂದ 2.5 ಸೆಂ.ಮೀ. ಕೆಳಗೆ, ಈ ಪಕ್ಕದಿಂದ ಆ ಪಕ್ಕಕ್ಕೆ ಅಳೆಯಬೇಕು. ಹೀಗೆ ಅಳೆದದ್ದು ಅರ್ಧ ಸುತ್ತಳತೆ. ಅಲ್ಲಿ 1 ಸೆಂ.ಮೀ. ತಪ್ಪಿದರೆ ಮೈಮೇಲೆ 2 ಸೆಂ.ಮೀ. ತಪ್ಪುತ್ತದೆ. ಟೇಪನ್ನು ಸ್ಪೆಕ್ ಹಾಳೆ (ಉಡುಪಿನ ಅಳತೆಗಳ ವಿವರಪಟ್ಟಿ) ಹೇಳಿದ ಜಾಗಕ್ಕೇ ಇಡದಿದ್ದರೆ ಇಬ್ಬರು ಅಳೆದಾಗ ಎರಡು ಸಂಖ್ಯೆ ಬರುತ್ತದೆ. ಜಗಳ ಕಾರ್ಖಾನೆಯ ಮೇಲೆ ಬೀಳುತ್ತದೆ.

ಬಣ್ಣದ ತುಣುಕುಗಳು, ಅಂದರೆ ಲ್ಯಾಬ್ ಡಿಪ್, ಸಾಮಾನ್ಯವಾಗಿ ಎ, ಬಿ, ಸಿ ಎಂದು ಮೂರು ಛಾಯೆಗಳಲ್ಲಿ ಬರುತ್ತವೆ. ಕಿಟಕಿಯ ಪಕ್ಕ ಹಿಡಿದು ‘ಬಿ ಆಗಬಹುದು’ ಎನ್ನುವಂತಿಲ್ಲ. ದೀಪದ ಪೆಟ್ಟಿಗೆಯಲ್ಲಿ ಡಿ65 ಹಗಲು ಬೆಳಕಿನಲ್ಲಿ ಒಮ್ಮೆ, ಅಂಗಡಿಯಲ್ಲಿ ಉರಿಯುವ ದೀಪದಲ್ಲಿ ಇನ್ನೊಮ್ಮೆ ನೋಡಬೇಕು. ಒಂದು ಬೆಳಕಿನಲ್ಲಿ ಹೊಂದಿದ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಬಹುದು. ಮೇಲಂಗಿಯ ಬಟ್ಟೆ ಒಂದು ಕಡೆ, ಅದರ ಕಾಲರಿನ ಹೆಣಿಗೆ ಇನ್ನೊಂದು ಕಡೆ ಬಣ್ಣಕ್ಕೆ ಹೋಗಿದ್ದರೆ ಇದು ಆಗಾಗ ಎದುರಾಗುವ ತೊಂದರೆ.

ಕೊನೆಗೆ ಒಪ್ಪಿದ ಸ್ಯಾಂಪಲ್ಲಿಗೆ ಮೊಹರು ಹಾಕಿ ಒಂದನ್ನು ಕಾರ್ಖಾನೆಗೆ ಕಳಿಸಿ, ಒಂದನ್ನು ಇಟ್ಟುಕೊಳ್ಳುತ್ತಾರೆ. ಸರಕು ತಯಾರಾದ ಮೇಲೆ ತಪಾಸಣೆ ನಡೆಯುವುದು ಅದನ್ನು ಮುಂದಿಟ್ಟುಕೊಂಡೇ. 2,000 ನಗಗಳ ಸರಕಿಗೆ ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಟ್ಟ) 2.5, ತಪಾಸಣೆಯ ಸಾಮಾನ್ಯ ಹಂತ 2 ಎಂದು ಒಪ್ಪಂದವಿದ್ದರೆ, 125 ನಗ ತೆಗೆದು ನೋಡುತ್ತಾರೆ. ದೋಷವುಳ್ಳವು 7ರವರೆಗೆ ಇದ್ದರೆ ಸರಕು ಪಾಸು, 8 ಆದರೆ ವಾಪಸು. ಮೊಹರಿನ ಸ್ಯಾಂಪಲ್ಲು ಕಳೆದುಹೋಗಿದ್ದರೆ ಯಾವುದು ದೋಷ ಎಂದು ಹೇಳುವುದಕ್ಕೆ ಆಧಾರವೇ ಇರುವುದಿಲ್ಲ.

ಇಷ್ಟನ್ನೂ ಕೈಯಾರೆ ಮಾಡುತ್ತಾ ಕಲಿಯುವುದಕ್ಕೆ ‘ತರಬೇತಿ’ ಒಂದೇ ಸಾಲದು, ‘ಶಿಕ್ಷುತ್ವ’ ಯಾರಿಗೂ ಅರ್ಥವಾಗದು. ‘ಅಪ್ರೆಂಟಿಸ್ ತರಬೇತಿ’ ಎನ್ನಿ.

ಗೋ.ಭ.:

ಅಂದರೆ ಫ್ರೆಂಚರು ಇಂಗ್ಲಿಷರಿಗೆ ಕೊಟ್ಟಿದ್ದು ನಮಗೂ ಬರಲಿ ಎಂದಾಯಿತು. ಅಪ್ರೆಂಟಿಸ್ ಹುಟ್ಟಿದ್ದು ‘ಕಲಿ’ ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ. ಕಲಿ ಎಂಬ ಧಾತು ನಮ್ಮಲ್ಲೇ ಇರುವಾಗ ಸುತ್ತಿಬಳಸಿ ತರುವುದೇಕೆ?

ಎಂ.:

ನಿಮ್ಮ ಮಾತಿನಲ್ಲೇ ಉತ್ತರವಿದೆ ಗುರುಗಳೇ. ಇಂಗ್ಲಿಷಿಗೂ ಅದು ಎರವಲೇ. ಮರ್ಚಂಡೈಸೂ ಫ್ರೆಂಚಿನಿಂದ ಬಂದದ್ದೇ. ಬೈ ಒಂದೇ ಅವರ ಮನೆಯದು. ಅವರು ಕೂತು ಎರಡಕ್ಕೂ ಹೊಸ ಪದ ಕಟ್ಟಲಿಲ್ಲ, ಬಳಸಿದರು. ನಮ್ಮ ಬಟ್ಟೆಯಂಗಡಿಯ ಮಾತನ್ನೇ ನೋಡಿ: ಖರೀದಿ, ದಾಸ್ತಾನು, ರವಾನೆ, ರಿಯಾಯಿತಿ, ಬಾಕಿ, ಅಸಲು, ಮೊಹರು, ದರ್ಜಿ. ಇದರಲ್ಲಿ ಯಾವುದು ಚ. ಅವರ ಜರಡಿಯಲ್ಲಿ ಉಳಿಯುತ್ತದೆ?

ಚ.:

ಬೆಲೆ, ಸರಕು, ಅಂಗಡಿ, ಅಳತೆ, ಬಗೆ, ಮಾರು, ಕೊಳ್ಳು, ಉಳಿಕೆ. ಇವು ಉಳಿಯುತ್ತವೆ. ಇವುಗಳಿಂದ ಕಟ್ಟುವುದನ್ನು ಬಿಟ್ಟರೆ ಕನ್ನಡ ಹೊಸ ಪದ ಹುಟ್ಟಿಸುವುದನ್ನೇ ಮರೆಯುತ್ತದೆ. ಹಳೆಯ ಎರವಲು ಇರಲಿ. ಹಿಂದೆ ತಂದೆವು ಎಂಬುದು ಇಂದೂ ತರುವುದಕ್ಕೆ ಕಾರಣವಾಗುವುದಿಲ್ಲ. ಲ.ರಾ. ಅವರು ಸೈಜು, ಸ್ಯಾಂಪಲ್ಲು, ಸ್ಟೈಲು ಎಂದು ಬರೆಯುತ್ತಿದ್ದಾರೆ. ಅಳತೆ, ಮಾದರಿ, ಬಗೆ ಎಂದರೆ ಏನು ಕಡಿಮೆಯಾಗುತ್ತಿತ್ತು?

ಲ.ರಾ.:

ಅಳತೆ ಕೊಟ್ಟರೆ ಕೆಡುತ್ತದೆ. ಅಂಗಿಯ ಸೈಜು ಎಂ, ಅದರ ಎದೆಯ ಅಳತೆ 52 ಸೆಂ.ಮೀ. ಈ ವಾಕ್ಯದಲ್ಲಿ ಎರಡನ್ನೂ ‘ಅಳತೆ’ ಮಾಡಿದರೆ ಸ್ಪೆಕ್ ಹಾಳೆ ಓದಲಾಗದು. ಸ್ಟೈಲೂ ‘ಬಗೆ’ಯೂ ಒಂದಲ್ಲ. ಒಂದು ಸ್ಟೈಲು 3 ಬಣ್ಣದಲ್ಲಿ ಬಂದರೆ ಅಂಗಡಿಯಲ್ಲಿ 3 ಬಗೆ. 5 ಸೈಜಾದರೆ ದಾಸ್ತಾನಿನ ಲೆಕ್ಕದಲ್ಲಿ 15 ಸಾಲು. ‘ಮಾದರಿ’ ಒಪ್ಪುತ್ತೇನೆ.

ಸು.:

ದಯವಿಟ್ಟು ಪದಪಟ್ಟಿಗೆ ಬರೋಣ. ಮೂರು ನಮೂದು ಇನ್ನೂ ಹಾಗೇ ಇವೆ.

ಲ.ರಾ.:

‘ಓಪನ್ ಟು ಬೈ’ಗೆ ‘ಮುಕ್ತ ಖರೀದಿ’ ಬೇಡವೇ ಬೇಡ. ಎಷ್ಟು ಬೇಕಾದರೂ ಕೊಳ್ಳಬಹುದು ಎಂದು ಓದಿಕೊಳ್ಳುತ್ತಾರೆ. ನಿಜವಾದ ಅರ್ಥ ತದ್ವಿರುದ್ಧ. ಇದು ಮಿತಿ. ಒಂದು ಅವಧಿಗೆ ಯೋಜಿಸಿದ ಮಾರಾಟ, ಅದಕ್ಕೆ ಅವಧಿಯ ಕೊನೆಗೆ ಕೈಯಲ್ಲಿರಬೇಕಾದ ದಾಸ್ತಾನು ಕೂಡಿಸಿ. ಅದರಿಂದ ಆರಂಭದ ದಾಸ್ತಾನನ್ನೂ, ಆಗಲೇ ಆರ್ಡರ್ ಕೊಟ್ಟು ಈ ಅವಧಿಯಲ್ಲಿ ಬರಬೇಕಾದ ಸರಕನ್ನೂ ಕಳೆಯಿರಿ. ಉಳಿದದ್ದೇ ಹೊಸದಾಗಿ ಕೊಳ್ಳಬಹುದಾದದ್ದು. ನಗಗಳ ಲೆಕ್ಕದಲ್ಲಿ: ಮಾರಾಟ 5,000, ಕೊನೆಯ ದಾಸ್ತಾನು 9,000, ಒಟ್ಟು 14,000. ಆರಂಭದ ದಾಸ್ತಾನು 8,000, ದಾರಿಯಲ್ಲಿರುವ ಆರ್ಡರ್ 4,500. ಉಳಿಯುವುದು 1,500. ಮಾರುವ ಬೆಲೆಯ ಮೌಲ್ಯದಲ್ಲಿ ಲೆಕ್ಕ ಹಾಕುವುದಾದರೆ ಯೋಜಿಸಿದ ಮಾರ್ಕ್‌ಡೌನನ್ನೂ ಮಾರಾಟದ ಜೊತೆ ಕೂಡಿಸಬೇಕು, ಏಕೆಂದರೆ ಬೆಲೆ ಇಳಿಸಿದಷ್ಟೂ ದಾಸ್ತಾನಿನ ಮೌಲ್ಯ ಕರಗುತ್ತದೆ. ‘ಉಳಿದ ಖರೀದಿ ಮಿತಿ’ ಎಂದು ಹಾಕಿ.

‘ಸೆಲ್ ಥ್ರೂ’ಗೆ ‘ಮಾರಾಟ ಪ್ರಮಾಣ’ ಎಂದರೆ ಒಟ್ಟು ಎಷ್ಟು ಮಾರಿತು ಎಂದಾಗುತ್ತದೆ. ಇಲ್ಲಿ ಬೇಕಾದ್ದು ಬಂದದ್ದರಲ್ಲಿ ಶೇಕಡಾ ಎಷ್ಟು ಹೋಯಿತು ಎಂಬುದು. 600 ನಗ ಬಂದು 3 ವಾರದಲ್ಲಿ 150 ಮಾರಿದರೆ ಶೇ 25. ಈ ಸಂಖ್ಯೆಯೊಂದನ್ನೇ ನೋಡಿದರೆ ಏನೂ ತಿಳಿಯದು. ಉಳಿದ 450ನ್ನು ವಾರದ 50ರ ವೇಗದಿಂದ ಭಾಗಿಸಿ: 9 ವಾರದ ದಾಸ್ತಾನು. ಋತು ಮುಗಿಯಲು 6 ವಾರವಷ್ಟೇ ಉಳಿದಿದ್ದರೆ 300 ಮಾರಿ 150 ಉಳಿದುಬಿಡುತ್ತದೆ. ಬೆಲೆ ಇಳಿಸುವ ತೀರ್ಮಾನ ಆಗಬೇಕಾದ್ದು ಈ ವಾರ, 6 ವಾರ ಕಳೆದ ಮೇಲಲ್ಲ. ತಡಮಾಡಿದರೆ ಮೊದಲು ಶೇ 20 ಇಳಿಸಿದರೆ ಹೋಗುತ್ತಿದ್ದ ಸರಕಿಗೆ ಕೊನೆಯಲ್ಲಿ ಶೇ 50 ಇಳಿಸಿದರೂ, ಬೇಕಾದ ಸೈಜುಗಳು ಮುಗಿದಿರುವುದರಿಂದ, ಗಿರಾಕಿ ಸಿಗುವುದಿಲ್ಲ. ‘ಮಾರಿಹೋದ ಪಾಲು’ ಎನ್ನಬಹುದು.

‘ಮಾರ್ಕ್‌ಡೌನ್’ಗೆ ‘ರಿಯಾಯಿತಿ’ ಬೇಡ. ವಾರಾಂತ್ಯದ ರಿಯಾಯಿತಿ ಮುಗಿದ ಮೇಲೆ ಹಳೆಯ ಬೆಲೆಯೇ ಮರಳುತ್ತದೆ. ಮಾರ್ಕ್‌ಡೌನ್ ಆದ ಮೇಲೆ ಮರಳುವುದಿಲ್ಲ. ‘ಬೆಲೆ ಇಳಿಕೆ’ ಎಂದಿಡಿ.

ಚ.:

‘ಬೆಲೆ ಇಳಿಕೆ’ ಅಲ್ಲ. ಚಿನ್ನದ ಬೆಲೆ ಇಳಿಕೆ, ತರಕಾರಿ ಬೆಲೆ ಇಳಿಕೆ: ಇಳಿಕೆ ತಾನಾಗಿ ಆಗುವುದು. ನೀವು ಹೇಳುತ್ತಿರುವುದು ಒಬ್ಬರು ಕೂತು ತೀರ್ಮಾನಿಸಿ ಮಾಡುವ ಕೆಲಸ. ಇಳಿ ಅಲ್ಲ, ಇಳಿಸು. ‘ಬೆಲೆ ಇಳಿಸುವಿಕೆ’.

ಲ.ರಾ.:

ಸರಿಯಾದ ಮಾತು. ‘ಬೆಲೆ ಇಳಿಸುವಿಕೆ’ಯೇ ಇರಲಿ.

ಎಂ.:

ಸು. ಅವರೇ, ಒಳಪುಟಗಳಲ್ಲಿ ಮಾರ್ಜಿನ್‌ಗೆ ಏನು ಬಳಸಿದ್ದೀರಿ? ‘ಲಾಭಾಂಶ’ ಎಂದಿದ್ದರೆ ಬದಲಿಸಿ. ಅದು ಷೇರುದಾರರಿಗೆ ಹಂಚುವ ಡಿವಿಡೆಂಡ್.

ಲ.ರಾ.:

ಹೌದು, ‘ಮಾರ್ಜಿನ್’ ಎಂದೇ ಬಿಡಿ. ಮಾರ್ಕ್‌ಅಪ್ ಜೊತೆ ಬೆರೆಯದಂತೆಯೂ ನೋಡಿಕೊಳ್ಳಿ. ಅಸಲು 40, ತೆರಿಗೆ ಬಿಟ್ಟು ಮಾರುವ ಬೆಲೆ 100 ಆದರೆ ಮಾರ್ಜಿನ್ ಶೇ 60, ಮಾರ್ಕ್‌ಅಪ್ ಶೇ 150. ಮೊದಲನೆಯದನ್ನು ಮಾರುವ ಬೆಲೆಯಿಂದ ಭಾಗಿಸುತ್ತಾರೆ, ಎರಡನೆಯದನ್ನು ಅಸಲಿನಿಂದ. ಎರಡಕ್ಕೂ ‘ಲಾಭ’ ಎಂದು ಬರೆದ ಕೈಪಿಡಿ ಓದಿದವರು ಪೂರೈಕೆದಾರರ ಮುಂದೆ ತಪ್ಪು ಸಂಖ್ಯೆ ಹಿಡಿದು ಚೌಕಾಶಿಗೆ ಕೂರುತ್ತಾರೆ.

ಗೋ.ಭ.:

ಮಾರ್ಜಿನ್, ಮಾರ್ಕ್‌ಅಪ್, ಸ್ಟೈಲ್, ಸೈಜ್, ಅಪ್ರೆಂಟಿಸ್. ಇದು ಅನುವಾದವಲ್ಲ, ಲಿಪ್ಯಂತರ. ‘ಶಿಕ್ಷು’ ಎಂಬ ಶುದ್ಧ ರೂಪ ಕೈಯಲ್ಲಿರುವಾಗ ಅದನ್ನು ಬಿಟ್ಟದ್ದಕ್ಕೆ ನನ್ನ ಒಪ್ಪಿಗೆಯಿಲ್ಲ.

ಎಂ.:

ಒಪ್ಪಿಗೆಯಿಲ್ಲದಿದ್ದರೆ ಇರಲಿ. ಫಲಕ ಓದುವವರು ಧಾತುಪಾಠ ಓದಿ ಬಂದವರಲ್ಲ.

ಚ.:

‘ಅಪ್ರೆಂಟಿಸ್’ ಬಗ್ಗೆ ನನ್ನದೂ ಒಪ್ಪಿಗೆಯಿಲ್ಲ, ಆದರೆ ಗುರುಗಳ ಕಾರಣಕ್ಕಲ್ಲ. ‘ಕೆಲಸಗಲಿಕೆ’ ಎನ್ನಬಹುದಿತ್ತು. ಅದರಲ್ಲಿ ಅರಬ್ಬಿಯೂ ಇಲ್ಲ.

ಸು.:

ಚರ್ಚಿಸಿದ ಎಲ್ಲರಿಗೂ ವಂದನೆ. ‘ಕೆಲಸಗಲಿಕೆ’ ಚೆನ್ನಾಗಿದೆ ಚ. ಅವರೇ. ಹೊಸ ಪದ ಒಳಪುಟದಲ್ಲಿ ವಿವರಣೆಯೊಂದಿಗೆ ಬಂದರೆ ನಿಲ್ಲುತ್ತದೆ. ಬಾಗಿಲಲ್ಲಿ ವಿವರಿಸಲು ಜಾಗವಿಲ್ಲ. ಮುನ್ನುಡಿಯಲ್ಲಿ ಒಮ್ಮೆ ಬಳಸುತ್ತೇನೆ. ಮುದ್ರಣಕ್ಕೆ ಹೋಗುವುದು ಇದು:

ಫಲಕ, ಮುಖಪುಟ:
ಉಡುಪು ಮಾರಾಟ: ಖರೀದಿ ಮತ್ತು ಸರಕು ಯೋಜನೆ
ಅಪ್ರೆಂಟಿಸ್ ತರಬೇತಿ

ಪದಪಟ್ಟಿ:
ಉಳಿದ ಖರೀದಿ ಮಿತಿ: ಯೋಜಿಸಿದ ಮಾರಾಟಕ್ಕೆ ಕೊನೆಯ ದಾಸ್ತಾನು ಕೂಡಿಸಿ, ಆರಂಭದ ದಾಸ್ತಾನು ಕಳೆದು ಉಳಿಯುವ ಮೊತ್ತ.
ಮಾರಿಹೋದ ಪಾಲು: ದಾಸ್ತಾನಿನಲ್ಲಿ ಮಾರಾಟವಾದ ಶೇಕಡಾವಾರು.
ಬೆಲೆ ಇಳಿಸುವಿಕೆ: ಮಾರದೆ ಉಳಿಯಬಹುದಾದ ಸರಕಿನ ಬೆಲೆಯನ್ನು ಮತ್ತೆ ಏರಿಸದಂತೆ ತಗ್ಗಿಸುವುದು.

‘ಚಿಲ್ಲರೆ’ ಬಿಟ್ಟಿದ್ದೇನೆ. ಸಗಟಿನ ಮಾತೇ ಕೈಪಿಡಿಯಲ್ಲಿ ಇಲ್ಲದ್ದರಿಂದ ‘ಮಾರಾಟ’ ಸಾಕೆನಿಸಿತು.

ಲ.ರಾ.:

‘ಚಿಲ್ಲರೆ’ ಬಿಟ್ಟದ್ದು ಸರಿ. ಪದಪಟ್ಟಿಯಲ್ಲಿ ಎರಡು ತಿದ್ದುಪಡಿ ಆಗಲೇಬೇಕು.

ಮೊದಲ ನಮೂದಿನಲ್ಲಿ ‘ಆಗಲೇ ಆರ್ಡರ್ ಕೊಟ್ಟು ಬರಬೇಕಾಗಿರುವ ಸರಕು’ ಬಿಟ್ಟುಹೋಗಿದೆ. ಅದನ್ನು ಕಳೆಯದಿದ್ದರೆ ಮೇಲಿನ ಲೆಕ್ಕದಲ್ಲಿ ಮಿತಿ 1,500ರ ಬದಲು 6,000 ಎಂದು ಕಾಣುತ್ತದೆ. 4,500 ನಗವನ್ನು ಎರಡು ಸಲ ಕೊಂಡಂತಾಗುತ್ತದೆ. ಹೀಗೆ ಬರೆಯಿರಿ: ‘ಯೋಜಿಸಿದ ಮಾರಾಟಕ್ಕೆ ಕೊನೆಯ ದಾಸ್ತಾನು ಕೂಡಿಸಿ, ಆರಂಭದ ದಾಸ್ತಾನನ್ನೂ ಅವಧಿಯೊಳಗೆ ಬರಬೇಕಾಗಿರುವ ಆರ್ಡರನ್ನೂ ಕಳೆದು ಉಳಿಯುವುದು.’ ‘ಮೊತ್ತ’ ಬೇಡ. ನಗಗಳಲ್ಲೂ ಲೆಕ್ಕ ಹಾಕುತ್ತಾರೆ.

ಎರಡನೆಯದರಲ್ಲಿ ‘ದಾಸ್ತಾನಿನಲ್ಲಿ’ ಎಂದರೆ ಇವತ್ತು ಕೈಯಲ್ಲಿರುವ ಸರಕು ಎಂದಾಗುತ್ತದೆ. ಆಗ 150ನ್ನು 450ರಿಂದ ಭಾಗಿಸಿ ಶೇ 33 ಎನ್ನುತ್ತಾರೆ. ‘ಒಟ್ಟು ಬಂದ ಸರಕಿನಲ್ಲಿ’ ಎಂದು ಮಾಡಿ.

ಮೂರನೆಯದು ಹಾಗೇ ಹೋಗಲಿ.